ಮಾರ್ತಾಂಡ ಕೆರೆದು ತೆಗೆದ ನಗು

ಫೋಟೋದ ಮಾರ್ತಾಂಡನನ್ನು ಸರಕಿನ ಹಾಗೆ ಮುಂದಿಟ್ಟುಕೊಂಡು ನೋಡಿದರೆ, ಯಾವ ವ್ಯಾಪಾರಿಯೂ ಮೊದಲ ಮಾತಿಗೆ ಎತ್ತಿಕೊಳ್ಳುವ ಮಾಲಲ್ಲ. ಮೈ ಬಿಸಿಲಿಗೆ ಒಣಹಾಕಿದ ಬದನೆ ಹೋಳಿನಂತೆ. ಅಂಗಿಯ ತೋಳಿಗೆ ಔಷಧದ ಕಲೆ, ಬೆರಳ ತುದಿಗಳು ಗೇರುಬೀಜ ಸುಲಿದವರ ಹಾಗೆ ಕಂದು. ನಾಲಿಗೆಯಲ್ಲಿ ಸಕ್ಕರೆ ಇಲ್ಲ, ಗಿರಾಕಿ ಎದ್ದು ಹೊರಟರೆ ಕರೆಯುವ ರೂಢಿ ಇಲ್ಲ. ಇಷ್ಟರ ಮೇಲೆ ಗರ್ವ ಬೇರೆ. ಇವನ್ನೆಲ್ಲ ಕಳೆದರೆ ಉಳಿಯುವುದು ಎರಡು ಕೈ ಮಾತ್ರ. ಆ ಕೈಗಳಿಗೆ ಬೆಳಗಾವಿಯ ಬಾಜಾರದಲ್ಲಿ ಜೋಡಿ ಇರಲಿಲ್ಲ ಎಂಬುದನ್ನು ಅವನಿಗೆ ಆಗದವರೂ ಒಪ್ಪುತ್ತಿದ್ದರು.

ಅವನ ಸ್ಟುಡಿಯೋ ಗಣಪತಿ ಗಲ್ಲಿಯ ಒಳತಿರುವಿನಲ್ಲಿತ್ತು. ಅದರ ಎದುರಿಗೇ ಫೋಟೋಗಳಿಗೆ ಗಾಜು, ಕಟ್ಟು ಹಾಕುವ ಅಂಗಡಿ. ಅದು ಇದನ್ನು ಬರೆಯುತ್ತಿರುವವನದು. ಮಾರ್ತಾಂಡ ಮುಖ ಕೊಡುತ್ತಿದ್ದ, ಎದುರಿನವನು ಚೌಕಟ್ಟು ಕೊಡುತ್ತಿದ್ದ. ಇಬ್ಬರಲ್ಲಿ ಯಾರ ಹೊಟ್ಟೆ ಮುಂದೆ ಬಂದಿತ್ತು ಎಂಬುದನ್ನು ನೋಡಿದರೆ ಯಾವುದು ಚಲೋ ವ್ಯಾಪಾರ ಎಂದು ತಿಳಿಯುತ್ತಿತ್ತು.

ಎಪ್ಪತ್ತರ ದಶಕದಲ್ಲಿ ಮಾರ್ತಾಂಡನಿಗೆ ಅನ್ನ ಹಾಕಿದ್ದು ಟಾಕೀಜುಗಳು. ಇಂಟರ್‌ವಲ್‌ನಲ್ಲಿ ಪರದೆಯ ಮೇಲೆ ಬರುವ ಸೀರೆ ಅಂಗಡಿ, ಕುಂದಾ ಮಿಠಾಯಿ ಅಂಗಡಿಗಳ ಜಾಹೀರಾತೆಲ್ಲ ಅವನು ಮಾಡಿಕೊಟ್ಟ ಗಾಜಿನ ಸ್ಲೈಡುಗಳೇ. ಆ ನೆಪದಲ್ಲಿ ಒಳಗೆ ಪುಕ್ಕಟೆ ಪ್ರವೇಶ. ಪುಕ್ಕಟೆ ಸಿನಿಮಾ ಸಿಕ್ಕರೆ ಲೋಕದ ಮಂದಿ ಶೇಂಗಾ ತಿನ್ನುತ್ತ ನೋಡುತ್ತಾರೆ. ಇವನು ಕ್ಯಾಮೆರಾ ಒಯ್ದ. ಓಡುವ ಚಿತ್ರದೊಳಗಿಂದ ಒಂದು ಮುಖವನ್ನು ಹಿಡಿದು ನಿಲ್ಲಿಸಿ ಮನೆಗೆ ತರುವ ಚಟ ಹತ್ತಿದ್ದು ಆಗ. ಮೊದಮೊದಲು ನಾಯಕಿ ಹೊಗೆಯಾಗಿ ಬಂದಳು, ನಾಯಕ ಅವಳ ಹಿಂದಿನ ಗಿಡದೊಳಗೆ ಕಲಸಿಹೋದ. ಮನುಷ್ಯ ಮಾತು ಮುಗಿಸಿ ಉಸಿರೆಳೆದುಕೊಳ್ಳುವಾಗ ಮುಖ ಒಂದು ಗಳಿಗೆ ನಿಲ್ಲುತ್ತದೆ ಎಂಬುದನ್ನು ಕಂಡುಕೊಂಡ ಮೇಲೆ ಚಿತ್ರಗಳು ನಿಂತವು.

ಹಿಡಿದು ತಂದ ಮುಖವನ್ನು ಹತ್ತು ರೂಪದಲ್ಲಿ ಇಡುವುದು ಅವನ ಇನ್ನೊಂದು ಚಟ. ಗಾಜಿನ ಮೇಲೆ ಇಳಿಸಿದರೆ ಸ್ಲೈಡು, ದಪ್ಪ ಕಾಗದದ ಮೇಲೆ ಪೋಸ್ಟ್‌ಕಾರ್ಡು, ತಗಡಿನ ಮೇಲೆ ಎದೆಗೆ ಚುಚ್ಚಿಕೊಳ್ಳುವ ಬಿಲ್ಲೆ, ಉಗುರಿನಷ್ಟು ಮಾಡಿದರೆ ಕೊರಳ ತಾಯಿತದೊಳಗೆ. ಒಂದೇ ಹಿಟ್ಟಿನಿಂದ ಚಪಾತಿಯೂ ಆಗುತ್ತದೆ, ಶಂಕರಪೋಳಿಯೂ ಆಗುತ್ತದೆ ಎನ್ನುತ್ತಿದ್ದ. ಬಾಜಾರದವರು ನಕ್ಕರು. ಆದರೂ ಕಾಲೇಜಿನ ಹುಡುಗರು ಬಿಲ್ಲೆಗಳನ್ನು ಚುಚ್ಚಿಕೊಂಡು ಓಡಾಡಿದರು, ಚುನಾವಣೆಯ ಕಾಲಕ್ಕೆ ಪುಢಾರಿಗಳೂ ಬಂದರು.

ಆಮೇಲೆ ಟೀವಿ ಬಂತು. ಎಂಬತ್ತರ ದಶಕದ ನಡುವೆ ನಮ್ಮ ಗಲ್ಲಿಯ ಮಾಳಿಗೆಗಳ ಮೇಲೆ ಮೀನಿನ ಮುಳ್ಳಿನಂಥ ಆಂಟೆನಾಗಳು ಎದ್ದವು. ತಮ್ಮವರು ಟೀವಿಯಲ್ಲಿ ಕಂಡರೆ ಅದನ್ನು ಫೋಟೋ ಮಾಡಿಡಬೇಕೆಂಬ ಆಸೆಯೂ ಎದ್ದಿತು. ಉಳಿದ ಫೋಟೋದವರು ಫ್ಲಾಶ್ ಹೊಡೆದರು. ಗಾಜಿನ ಮೇಲೆ ತಮ್ಮದೇ ಬೆಳಕು ಹೊಳೆದದ್ದು ಬಿಟ್ಟರೆ ಬೇರೇನೂ ಬರಲಿಲ್ಲ. ಫ್ಲಾಶ್ ಬಿಟ್ಟು ತೆಗೆದವರಿಗೆ ನಡುವೆ ಕಪ್ಪು ಪಟ್ಟಿ. ಮಾರ್ತಾಂಡ ಒಂದು ವಾರ ಟೀವಿಯ ಮುಂದೆ ಕೂತು ಗುಟ್ಟು ಹಿಡಿದ. ಟೀವಿಯ ಚಿತ್ರ ಸಿನಿಮಾದ ಹಾಗೆ ಇಡಿಯಾಗಿ ಬಂದು ಬೀಳುವುದಿಲ್ಲ, ಶಹಾಪುರದ ಮಗ್ಗದ ಮೇಲೆ ಸೀರೆ ಬೆಳೆದ ಹಾಗೆ ಎಳೆ ಎಳೆಯಾಗಿ ಇಳಿಯುತ್ತದೆ. ಅವಸರದಲ್ಲಿ ಕಣ್ಣು ಮುಚ್ಚುವ ಕ್ಯಾಮೆರಾಕ್ಕೆ ಅರ್ಧ ನೇಯ್ದ ಸೀರೆಯೇ ಸಿಗುತ್ತದೆ. ಕಿಟಕಿಗೆ ಕಂಬಳಿ ಕಟ್ಟಿ, ಕೋಣೆ ಕತ್ತಲೆ ಮಾಡಿ, ಕ್ಯಾಮೆರಾವನ್ನು ಮೂರು ಕಾಲಿನ ಮೇಲೆ ನಿಲ್ಲಿಸಿ, ಅದರ ಕಣ್ಣು ನಿಧಾನಕ್ಕೆ ಮುಚ್ಚುವಂತೆ ಮಾಡಬೇಕು. ಪೀರನವಾಡಿಯ ಒಬ್ಬ ಮಾಸ್ತರರ ಮಗಳು ಸಮೂಹಗೀತೆಯ ಹಿಂದಿನ ಸಾಲಿನಲ್ಲಿ ಅರೆಗಳಿಗೆ ಕಂಡವಳು, ಮಾರ್ತಾಂಡನ ಕೈಯಿಂದ ಗೋಡೆಯ ಮೇಲೆ ಕಾಯಂ ಆಗಿ ಹಾಡತೊಡಗಿದಳು.

ಆದರೆ ಅವನ ನಿಜವಾದ ಹೆಸರು ಟಚಿಂಗ್‌ನಲ್ಲಿತ್ತು. ನೆಗೆಟಿವ್‌ನ ಮೇಲೆಯೇ ಪೆನ್ಸಿಲ್ ಆಡಿಸಿ ಮೈಲಿಬೇನೆಯ ಕಲೆ ತುಂಬುತ್ತಿದ್ದ, ಕೆಂಪು ಬಣ್ಣ ಹಚ್ಚಿ ಹಿಂದಿನ ಹಾಳುಗೋಡೆಯನ್ನು ಅಳಿಸುತ್ತಿದ್ದ, ಚೂಪಾದ ಸಣ್ಣ ಚಾಕುವಿನಿಂದ ಬೇಡದ ಹೊಳಪನ್ನು ಕೆರೆದು ತೆಗೆಯುತ್ತಿದ್ದ. ನಮ್ಮ ಕಡೆ ಲಿಂಗಾಯತರಲ್ಲಿ ತೀರಿಕೊಂಡವರನ್ನು ಕುಳ್ಳಿರಿಸಿ, ವಿಭೂತಿ ಹಚ್ಚಿ, ಹಾರ ಹಾಕಿ, ಮಣ್ಣು ಮಾಡುವ ಮುಂಚೆ ಫೋಟೋ ತೆಗೆಸುತ್ತಾರೆ. ಬದುಕಿದ್ದಾಗ ಫೋಟೋ ಇಲ್ಲದವರಿಗೆ ಅದೇ ಮೊದಲು, ಅದೇ ಕಡೆ. ಅಂಥ ಫೋಟೋದಲ್ಲಿ ಮುಚ್ಚಿದ ಕಣ್ಣುಗಳನ್ನು ಮಾರ್ತಾಂಡ ತೆರೆಸುತ್ತಿದ್ದ. ಮನೆಯವರು ಆ ಕಣ್ಣು ನೋಡಿ ಅತ್ತರೆ ಅವನಿಗೆ ಊಟ ಸೇರುತ್ತಿತ್ತು.

ಹೀಗೆ ಸತ್ತವರ ಕಣ್ಣು ತೆರೆಸುತ್ತಿದ್ದವನೇ ನಗುವ ಒಂದು ಬಾಯಿ ಮುಚ್ಚಿಸಿದ.

ಪಾರಿಶ್ವಾಡದ ಗುರುಪುತ್ರಪ್ಪ ಸ್ಟುಡಿಯೋಕ್ಕೆ ಬಂದದ್ದು ಎಂಬತ್ತಾರರ ಮಳೆಗಾಲ ಕಳೆದ ಮೇಲೆ. ಅವನ ಅಣ್ಣ ಬಸಲಿಂಗಪ್ಪ ಆ ಮಳೆಗಾಲದಲ್ಲೇ ತೀರಿಕೊಂಡಿದ್ದ. ಹಳ್ಳ ತುಂಬಿ ಹರಿಯುತ್ತಿದ್ದುದರಿಂದ ಮಣ್ಣಿನ ದಿನ ಯಾವ ಫೋಟೋದವನೂ ಊರು ಮುಟ್ಟಲಿಲ್ಲ. ಬದುಕಿದ್ದಾಗಲಂತೂ ಬಸಲಿಂಗಪ್ಪ ಕ್ಯಾಮೆರಾ ಕಂಡರೆ ಎದ್ದು ಅಡುಗೆಯ ಚಪ್ಪರ ಸೇರುವ ಮನುಷ್ಯ. ಸುತ್ತ ಹಳ್ಳಿಯ ಯಾವ ಮದುವೆಯಲ್ಲೂ ಬಡಿಸುವುದಕ್ಕೆ ಅವನೇ ಮುಂದು. ಸೌಟು ಹಿಡಿದು ಪಂಕ್ತಿಯ ಮಂದಿಯನ್ನು ನಗಿಸುತ್ತ ಹೋಗುವುದೇ ಅವನ ಸಂಭ್ರಮ. ಹೆಂಡತಿ ನಿಂಗವ್ವನ ಹತ್ತಿರ ಅವನ ಚಹರೆ ಎಂದು ಒಂದು ಚೂರು ಕಾಗದವೂ ಉಳಿದಿರಲಿಲ್ಲ.

ಆದರೆ ನಂದಗಡದಲ್ಲಿ ಆದ ಒಂದು ಮದುವೆಯನ್ನು ಖಾನಾಪುರದ ಬಿಂದುಮಾಧವ ವಿಡಿಯೋ ಮಾಡಿದ್ದ. ಅದರಲ್ಲಿ ಬಸಲಿಂಗಪ್ಪ ಬಡಿಸುತ್ತ ಹೋಗುವುದು ಬಂದಿದೆ ಎಂದು ಯಾರೋ ಹೇಳಿದ್ದರು. ಮದುವೆಯ ಮನೆಯವರಿಗೆ ಕೊಟ್ಟ ಕ್ಯಾಸೆಟ್ಟಿನಲ್ಲಿ ಊಟದ ಭಾಗವನ್ನು ಕತ್ತರಿಸಿದ್ದರು, ಉಂಡವರು ಉಂಡದ್ದನ್ನು ಯಾರು ನೋಡುತ್ತಾರೆ ಎಂದು. ಪೂರ್ತಿ ಇದ್ದದ್ದು ಬಿಂದುಮಾಧವನ ಹತ್ತಿರದ ಮೂಲ ಕ್ಯಾಸೆಟ್ಟಿನಲ್ಲಿ ಮಾತ್ರ.

ಮಾರ್ತಾಂಡ ಕ್ಯಾಮೆರಾ, ಮೂರು ಕಾಲು, ಎರಡು ಕಂಬಳಿ ಕಟ್ಟಿಕೊಂಡು ಗುರುಪುತ್ರಪ್ಪನ ಜೊತೆ ಖಾನಾಪುರದ ಬಸ್ಸು ಹತ್ತಿದ. ನಿಂಗವ್ವ ತಾನೂ ಬರುತ್ತೇನೆ ಎಂದಿದ್ದಳಂತೆ. ಫೋಟೋ ಹೇಗೂ ಮನೆಗೇ ಬರುತ್ತದಲ್ಲ, ಅಷ್ಟು ದೂರ ಯಾಕೆ ಎಂದು ಗುರುಪುತ್ರಪ್ಪ ಅವಳನ್ನು ಬಿಟ್ಟು ಬಂದಿದ್ದ. ಕತ್ತಲೆ ಕೋಣೆಯಲ್ಲಿ ಮಂದಿ ಕಡಿಮೆಯಾದಷ್ಟು ಚಲೋ ಎಂದು ಮಾರ್ತಾಂಡನೂ ತಲೆಯಾಡಿಸಿದ. ಆ ಒಂದು ತಲೆಯಾಟವನ್ನು ಮುಂದೆ ಅವನು ಎಷ್ಟು ಸಲ ನೆನೆದನೋ.

ಬಿಂದುಮಾಧವನ ಮನೆಯ ನಡುಮನೆಗೆ ಹಗಲಲ್ಲೇ ಕಂಬಳಿ ಕಟ್ಟಿದರು. ಪಂಕ್ತಿ ಬಂತು, ಎಲೆಗಳು ಬಂದವು, ಹೆಗಲ ಮೇಲೆ ಟಾವೆಲ್ಲು ಹಾಕಿಕೊಂಡ ಬಸಲಿಂಗಪ್ಪ ಬಂದ. ಒಬ್ಬ ಮುದುಕನ ಎಲೆಗೆ ಸಾರು ಸುರಿದು ಏನೋ ಅಂದ, ಅಂದವನೇ ತಲೆ ಎತ್ತಿ ಬಾಯಿ ತುಂಬ ನಕ್ಕ, ಮುಂದೆ ಹೋಗಿಬಿಟ್ಟ. ಮಷೀನು ನಿಲ್ಲಿಸಿ ಹಿಡಿಯೋಣವೆಂದರೆ ಮುಖದ ಮೇಲೆ ಗೆರೆಗಳು ಅಲುಗಾಡುತ್ತಿದ್ದವು. ಓಡುವಾಗಲೇ ಹಿಡಿಯಬೇಕು. ಹಿಂದಕ್ಕೆ ತಿರುಗಿಸು, ಬಿಡು. ಮತ್ತೆ ತಿರುಗಿಸು, ಬಿಡು. ಮಷೀನಿನ ಹೆಡ್ಡು ಸವೆದು ತನ್ನ ಹೆಡ್ಡೂ ಸವೆಯಿತು ಎಂದು ಬಿಂದುಮಾಧವ ಗೊಣಗಿದ. ಗುರುಪುತ್ರಪ್ಪ ಮೊದಲ ಸಲಕ್ಕೇ ಕಣ್ಣಿಗೆ ಟಾವೆಲ್ಲು ಒತ್ತಿಕೊಂಡು ಹೊರಗೆ ಹೋಗಿ ಕೂತ.

ಬೆಳಗಾವಿಗೆ ಬಂದು ಫಿಲ್ಮು ತೊಳೆದಾಗ ಹೆಚ್ಚಿನವು ಮಸುಕು. ಒಂದು ಮಾತ್ರ, ನಗು ಮೇಲೇರಿ ಒಂದು ಗಳಿಗೆ ನಿಂತಾಗ ಸಿಕ್ಕದ್ದು, ಹಲ್ಲು ಎಣಿಸುವಷ್ಟು ಸ್ಪಷ್ಟ. ಮಾರ್ತಾಂಡ ಉಳಿದವನ್ನು ಕತ್ತರಿಸಿ ಕಸದ ಡಬ್ಬಿಗೆ ಹಾಕಿದ. ಕೆಟ್ಟ ಕೆಲಸವನ್ನು ಇಟ್ಟುಕೊಂಡರೆ ಎಂದಾದರೂ ಯಾರಾದರೂ ನೋಡಿಯಾರು ಎಂಬ ಗರ್ವ ಅವನದು.

ಹಸಿ ಪ್ರಿಂಟು ನೋಡಿದ ಗುರುಪುತ್ರಪ್ಪನ ಮುಖ ಸಣ್ಣದಾಯಿತು.

"ಇದು ಅಣ್ಣನ ಖರೇ, ಮಾರ್ತಾಂಡರಾವ್. ಆದ್ರ ಸೌಟು ಹಿಡಕೊಂಡು ಹಲ್ಲು ಕಿಸದಾಂವನ ಮುಂದ ಊದಿನಕಡ್ಡಿ ಹಚ್ಚಾಕ ಆಗ್ತೈತೇನ್ರಿ? ಬಂದ ಬೀಗರು ಏನಂದಾರು? ಗಂಭೀರಾಗಿ, ಹಿರ್‍ಯಾರಂಗ ಮಾಡಿ ಕೊಡ್ರಿ."

ಮಾರ್ತಾಂಡನಿಗೆ ಇದು ಸವಾಲು. ಸವಾಲು ಹಾಕಿದರೆ ಅವನು ಮನುಷ್ಯನಾಗಿ ಉಳಿಯುತ್ತಿರಲಿಲ್ಲ, ಬರೀ ಕೈಯಾಗುತ್ತಿದ್ದ. ನೆಗೆಟಿವ್ ಅನ್ನು ಓರೆ ಗಾಜಿನ ಮೇಲಿಟ್ಟು ಕೂತ. ಪಂಕ್ತಿ, ಎಲೆ, ಮುದುಕ, ಸೌಟು ಇವೆಲ್ಲ ಕೆಂಪು ಬಣ್ಣದ ಅಡಿಗೆ ಹೋದವು. ಕೆನ್ನೆಯ ನೆರಿಗೆಗಳನ್ನು ಪೆನ್ಸಿಲ್ಲಿನಿಂದ ತುಂಬಿದ. ಬಾಯಿ ಉಳಿಯಿತು. ಪ್ರಿಂಟಿನಲ್ಲಿ ಬೆಳ್ಳಗೆ ಕಾಣುವ ಹಲ್ಲು ನೆಗೆಟಿವ್‌ನಲ್ಲಿ ಕಪ್ಪು; ಆ ಕಪ್ಪನ್ನು ಚಾಕುವಿನ ತುದಿಯಿಂದ ಕೆರೆದರೆ ಹಲ್ಲು ಹೋಗಿ ಬಾಯಿ ಮುಚ್ಚುತ್ತದೆ.

ಚಹಾ ತಂದ ಹೆಂಡತಿ ಸುಮನ್ ಹೆಗಲ ಹಿಂದಿನಿಂದ ನೋಡಿದಳು.

"ಎಷ್ಟು ಚಂದ ನಗಲಿಕತ್ತಾರ. ಇದರದೊಂದು ಕಾಪಿ ತಗದಿಟ್ಟು ಆಮ್ಯಾಲ ಕೆರೀಬಾರದಾ?"

"ಪೂಜಾದ ಫೋಟೋಕ್ಕ ಹಲ್ಲು ಯಾಕ ಬೇಕ? ನನ್ನ ಕೈ ತಪ್ಪೂದಿಲ್ಲ. ಚಹಾ ಅಲ್ಲಿಟ್ಟು ಹೋಗು."

ಕೈ ತಪ್ಪಲೂ ಇಲ್ಲ. ಅದೇ ದುಃಖದ ಸಂಗತಿ. ಎಷ್ಟು ನಯವಾಗಿ ಕೆರೆದನೆಂದರೆ, ಬಸಲಿಂಗಪ್ಪ ಹುಟ್ಟಿನಿಂದಲೇ ತುಟಿ ಬಿಗಿಹಿಡಿದ ಮನುಷ್ಯ ಎಂದು ಯಾರಾದರೂ ನಂಬಬೇಕು. ಆಮೇಲೆ ದೊಡ್ಡ ಪ್ರಿಂಟು ತೆಗೆದು, ಕುಂಚದಿಂದ ಮುಚ್ಚುಕೊರಳಿನ ಕರೀಕೋಟು ತೊಡಿಸಿದ, ಹಣೆಗೆ ವಿಭೂತಿ ಎಳೆದ. ಗಾಜಿನಂಗಡಿಯವನು ಬಂಗಾರದ ಅಂಚಿನ ಕಟ್ಟು ಹಾಕಿದ. ಪಾಟೀಲರ ಮನೆತನದ ಹಿರಿಯನ ಹಾಗೆ ಕಂಡ ಬಸಲಿಂಗಪ್ಪನನ್ನು ಹಾದಿಯಲ್ಲಿ ಹೋಗುವವರೂ ನಿಂತು ನೋಡಿದರು. ಇಬ್ಬರೂ ಅಂಗಡಿಕಾರರು ಆ ದಿನ ಬಹಳ ಖುಷಿಯಲ್ಲಿದ್ದರು.

ನಿಂಗವ್ವ ತಾನೇ ಬಂದು ಒಯ್ಯುತ್ತೇನೆಂದು ಮೈದುನನ ಜೊತೆ ಬೆಳಗಾವಿಗೆ ಬಂದಳು. ಕಟ್ಟನ್ನು ಎರಡೂ ಕೈಯಲ್ಲಿ ಹಿಡಿದಳು. ಸೆರಗಿನ ತುದಿಯಿಂದ ಗಾಜು ಒರೆಸಿದಳು, ಬೆಳಕಿಗೆ ತಿರುಗಿಸಿದಳು, ಮತ್ತೆ ಒರೆಸಿದಳು. ಆಮೇಲೆ ಯಾರ ಮನಸ್ಸೂ ನೋಯಬಾರದೆಂಬ ದನಿಯಲ್ಲಿ ಹೇಳಿದಳು.

"ಚಲೋ ಅದಾರ್ರಿ ಇವರು. ಆದ್ರ ಇವರು ನಮ್ಮ ಮನ್ಯಾಗ ಯಾವತ್ತೂ ಇರಲಿಲ್ಲ."

ಗುರುಪುತ್ರಪ್ಪ ನಡುವೆ ಬಾಯಿ ಹಾಕಿ, ಇದು ಅಣ್ಣನೇ, ಸ್ವಲ್ಪ ಟಚಿಂಗ್ ಆಗಿದೆ, ದೊಡ್ಡ ಮಂದಿಗೆಲ್ಲ ಹೀಗೇ ಮಾಡುತ್ತಾರೆ ಎಂದು ತಿಳಿಹೇಳಿದ. ಅವಳು ತಲೆಯೆತ್ತಲಿಲ್ಲ.

"ಅವರು ಬಾಯಿ ಮುಚ್ಚಿದ್ದು ನಾ ಒಂದ ದಿನಾ ನೋಡೀನಪಾ. ಆವತ್ತ ಅವರನ್ನ ಕುಂದರ್ಸಿ ಹಾರಾ ಹಾಕಿದ್ವಿ." ಆಮೇಲೆ ಮಾರ್ತಾಂಡನ ಕಡೆ ತಿರುಗಿದಳು. "ಫೋಟೋದವರ, ಅದ್ರಾಗ ನಮ್ಮವರು ನಗತಾರಂತಲ್ರಿ? ಅದನ್ನ ಕೊಡ್ರಿ. ಕಟ್ಟು ಗಿಟ್ಟು ಏನೂ ಬ್ಯಾಡ."

ಮಾರ್ತಾಂಡ ಒಳಗೆ ಹೋದ. ನೆಗೆಟಿವ್ ಅನ್ನು ನೀರಿನ ತಟ್ಟೆಯಲ್ಲಿ ಬಿಟ್ಟ. ಕೆಂಪು ಬಣ್ಣ ಕರಗಿತು. ಹತ್ತಿಯಿಂದ ಪೆನ್ಸಿಲ್ಲಿನ ಗುರುತು ಒರೆಸಿದ. ಸೌಟು ತಿರುಗಿ ಬಂತು, ಎಲೆಗಳು ತಿರುಗಿ ಬಂದವು, ಮುದುಕ ಬಂದ, ಕೆನ್ನೆಯ ನೆರಿಗೆಗಳೂ ಒಂದೊಂದಾಗಿ ಬಂದವು. ಬಾಯಿ ಬರಲಿಲ್ಲ. ಬಣ್ಣ ಹಚ್ಚಿದ್ದನ್ನು ತೊಳೆಯಬಹುದು, ಕೆರೆದದ್ದನ್ನು ಎಲ್ಲಿಂದ ತರುವುದು? ಮೊದಲು ತೆಗೆದಿದ್ದ ಹಸಿ ಪ್ರಿಂಟನ್ನಾದರೂ ಹುಡುಕೋಣವೆಂದರೆ, ಅದರ ಬೆನ್ನಿನ ಮೇಲೆಯೇ ಕರೀಕೋಟಿನ ಬಣ್ಣ ಕಲಸಿ, ಒರೆಸಿ, ಎಸೆದಿದ್ದ. ಬಿತ್ತನೆಯ ಕಾಳನ್ನು ಎಂಥ ಹಸಿವಿನಲ್ಲೂ ಬೀಸಬಾರದೆಂದು ಹೊಲ ಇಲ್ಲದವರಿಗೂ ಗೊತ್ತು. ಇವನು ಹೊಟ್ಟೆ ತುಂಬಿದ್ದಾಗ, ಬರೀ ಹೆಸರಿಗಾಗಿ ಬೀಸಿದ್ದ.

ಹೊರಗೆ ಬಂದು, ಇನ್ನೊಂದು ಸಲ ಹಿಡಿದು ತರುತ್ತೇನೆ, ಕ್ಯಾಸೆಟ್ಟು ಇದೆಯಲ್ಲ ಎಂದ. ನಿಂಗವ್ವ ಒಪ್ಪಿದಳು. ಆದರೆ ಈ ಸಲ ತಾನೂ ಬರುತ್ತೇನೆ, ಫೋಟೋ ಬಂದರೂ ಸರಿ ಬರದಿದ್ದರೂ ಸರಿ, ಅವರು ಓಡಾಡುವುದನ್ನು ಒಮ್ಮೆ ನೋಡಿದರೆ ಸಾಕು ಎಂದಳು. ಗುರುಪುತ್ರಪ್ಪ ಈಗ ಬೇಡ ಎನ್ನಲಿಲ್ಲ. ಮೂವರೂ ಅಲ್ಲಿಂದಲೇ ಖಾನಾಪುರದ ಬಸ್ಸು ಹತ್ತಿದರು. ಇಡೀ ದಾರಿ ಅವಳು ಕಿಟಕಿಯ ಹೊರಗೆ ನೋಡಲಿಲ್ಲ. ಮದುವೆಗೆ ಹೊರಟವಳ ಹಾಗೆ ಸೀರೆಯ ನಿರಿಗೆಯನ್ನೇ ಸರಿಮಾಡಿಕೊಳ್ಳುತ್ತಿದ್ದಳು.

ಬಿಂದುಮಾಧವ ಬಾಗಿಲಲ್ಲೇ ಅವರನ್ನು ನೋಡಿ, ಕ್ಯಾಸೆಟ್ಟು ಹುಡುಕಲು ಒಳಗೆ ಹೋದ. ಹೊರಗೆ ಬಂದಾಗ ಅವನ ಕೈ ಖಾಲಿ ಇರಲಿಲ್ಲ, ಮುಖ ಖಾಲಿ ಇತ್ತು.

"ಮಾರ್ತಾಂಡ ಕಾಕಾ, ನೀವು ಕೆಲಸ ಆತು ಅಂದ್ರಿ. ಅಂದಿದ್ದಕ್ಕ ನಾ ಅದರ ಮ್ಯಾಲ ಕ್ರಿಕೆಟ್ ಮ್ಯಾಚು ತುಂಬೀನಿ. ಹೊಸಾ ಕ್ಯಾಸೆಟ್ಟು ಬ್ಯಾರೆ ಸಿಗಲಿಲ್ಲ."

ನಂಬದೆ ಹಾಕಿ ನೋಡಿದರು. ಪಂಕ್ತಿ ಇರಬೇಕಾದ ಜಾಗದಲ್ಲಿ ಬಿಳಿ ಬಟ್ಟೆಯವರು ಹಸಿರು ಬಯಲಿನ ಮೇಲೆ ಓಡುತ್ತಿದ್ದರು. ನಿಂಗವ್ವ ಪರದೆಯ ಮುಂದೆ ಕೂತವಳು ಏಳಲಿಲ್ಲ. ಅಷ್ಟು ಮಂದಿಯೊಳಗೆ ತನ್ನವರು ಎಲ್ಲಾದರೂ ಇದ್ದಾರು ಎಂಬ ಹಾಗೆ ಒಂದೊಂದೇ ಮುಖ ನೋಡುತ್ತಿದ್ದಳು. ಕಡೆಗೆ ಗುರುಪುತ್ರಪ್ಪನೇ ಅವಳ ಭುಜ ಮುಟ್ಟಿ ಎಬ್ಬಿಸಿದ. ಆ ಪರದೆಯ ಮೇಲೆ ಅಣ್ಣ ನಕ್ಕದ್ದನ್ನು ಅವನು ನೋಡಿದ್ದ; ಬಿಂದುಮಾಧವ ನೋಡಿದ್ದ; ಮಾರ್ತಾಂಡ ನೋಡಿದ್ದ. ನೋಡದೆ ಉಳಿದವಳು ಅವಳೊಬ್ಬಳೇ.

ಕೆಲವು ದಿನ ಬಿಟ್ಟು ಮಾರ್ತಾಂಡ ತಾನೇ ಪಾರಿಶ್ವಾಡಕ್ಕೆ ಹೋದ. ತೊಳೆದ ನೆಗೆಟಿವ್‌ನಿಂದ ತೆಗೆದ ಪ್ರಿಂಟು ಒಯ್ದಿದ್ದ: ಹೆಗಲ ಮೇಲೆ ಟಾವೆಲ್ಲು, ಕೈಯಲ್ಲಿ ಸೌಟು, ನಗುವ ಕಣ್ಣು, ನಗುವ ಕೆನ್ನೆ, ನಡುವೆ ಕೆರೆದ ಬಾಯಿ. ಕೆರೆದವನು ತಾನೇ, ಬೇರೆ ಯಾರ ತಪ್ಪೂ ಅಲ್ಲ ಎಂದು ಹೇಳಿದ. ನೀವು ಕೂತು ಅವರ ಹಲ್ಲು ಹೇಗಿದ್ದವು ಹೇಳಿದರೆ ಕುಂಚದಿಂದ ಬರೆದು ಕೊಡುತ್ತೇನೆ, ಯಾರಿಗೂ ಗೊತ್ತಾಗದ ಹಾಗೆ ಬರೆಯುತ್ತೇನೆ ಎಂದ. ಆ ಮಾತಿನಲ್ಲಿ ಸುಳ್ಳಿರಲಿಲ್ಲ. ಆ ಕೈ ಅಷ್ಟನ್ನು ಮಾಡಬಲ್ಲದು.

ನಿಂಗವ್ವ ಬಹಳ ಹೊತ್ತು ಪ್ರಿಂಟು ನೋಡಿದಳು.

"ಬ್ಯಾಡ್ರಿ. ನೀವು ಬರದ್ರ ಅದು ನಿಮ್ಮ ನಗಿ ಆಗ್ತೈತಿ. ಕಣ್ಣು ಅವರವ ಅದಾವು. ಸೌಟು ನಮ್ಮ ಮನೀದ. ಇಷ್ಟ ಇರಲಿ."

ಹಾಗೆಂದು ಅವನಿಗೆ ಊಟಕ್ಕೆ ಎಲೆ ಹಾಕಿದಳು. ಎರಡನೇ ಸಲ ಸಾರು ಬಡಿಸುವಾಗ, ಅವರಿದ್ದಿದ್ದರೆ ನಿಮ್ಮನ್ನು ಹೀಗೆ ಸುಮ್ಮನೆ ಉಣ್ಣಲು ಬಿಡುತ್ತಿರಲಿಲ್ಲ ಎಂದಳು. ಮಾರ್ತಾಂಡ ಎಲೆಯಲ್ಲಿ ಒಂದು ಅಗುಳೂ ಬಿಡದೆ ಉಂಡು ಎದ್ದ.

ಕರೀಕೋಟಿನ ಫೋಟೋ ಗುರುಪುತ್ರಪ್ಪನ ಪಡಸಾಲೆಯಲ್ಲಿ ಬಂಗಾರದ ಅಂಚಿನೊಳಗೆ ಕೂತಿತು, ಬೀಗರು ಮೆಚ್ಚಿದರು. ಇನ್ನೊಂದು ನಿಂಗವ್ವನ ಅಡುಗೆಮನೆಯ ಗೋಡೆಗೆ ಹೋಯಿತು, ಕಟ್ಟಿಲ್ಲದೆ, ಮೊಳೆಯ ಮೇಲೆ. ಒಲೆಯ ಹೊಗೆ ಅದನ್ನು ಎರಡು ವರ್ಷದಲ್ಲಿ ಕಂದು ಮಾಡಿತಂತೆ.

ಮಾರ್ತಾಂಡ ಆಮೇಲೆ ಟೀವಿಯ ಚಿತ್ರ ಹಿಡಿಯಲು ಯಾರು ಕರೆದರೂ ಹೋಗಲಿಲ್ಲ. ಟಚಿಂಗ್ ಬಿಡುವಂತಿರಲಿಲ್ಲ, ಅದು ಹೊಟ್ಟೆಯ ಕೆಲಸ. ಆದರೆ ರೀತಿ ಬದಲಿಸಿದ. ಯಾವುದೇ ಮುಖ ಬರಲಿ, ಮೊದಲು ಬಂದ ನೆಗೆಟಿವ್ ಅನ್ನು ಮುಟ್ಟುತ್ತಿರಲಿಲ್ಲ. ಅದರ ಪ್ರಿಂಟನ್ನು ಮತ್ತೆ ಕ್ಯಾಮೆರಾದಲ್ಲಿ ಹಿಡಿದು ಇನ್ನೊಂದು ನೆಗೆಟಿವ್ ಮಾಡಿ, ಚಾಕು, ಪೆನ್ಸಿಲ್ಲು, ಬಣ್ಣ ಎಲ್ಲ ಅದರ ಮೇಲೆ. ಮೂಲವನ್ನು ಬಿಸ್ಕಿಟಿನ ಡಬ್ಬಿಯಲ್ಲಿ ಬೇರೆ ಇಡುತ್ತಿದ್ದ. ಕೆಲಸ ದುಪ್ಪಟ್ಟಾಯಿತು, ಗಿರಾಕಿಗಳು ತಡವಾಯಿತೆಂದು ಬೇರೆ ಸ್ಟುಡಿಯೋಗಳಿಗೆ ಹೋದರು. ಎದುರಿನ ಗಾಜಿನಂಗಡಿಯವನು, ಯಾರೂ ಕೇಳದ ಮಾಲನ್ನು ಗೋದಾಮಿನಲ್ಲಿ ತುಂಬುವ ವ್ಯಾಪಾರ ಇದೊಂದೇ ನೋಡಿದೆ ಎಂದು ಛೇಡಿಸಿದ. ಮಾರ್ತಾಂಡ ಪ್ರತಿ ಸಲವೂ ಡಬ್ಬಿಯ ಮುಚ್ಚಳ ಒತ್ತಿ ಮುಂದಿನ ನೆಗೆಟಿವ್ ಎತ್ತಿಕೊಂಡ. ಛೇಡಿಸಿದವನಿಗೆ ಅದೇ ಹೆಚ್ಚು ಚುಚ್ಚಿತು.

ಎಂಬತ್ತೊಂಬತ್ತರಲ್ಲಿ ಆ ಗಾಜಿನಂಗಡಿಯವನ ತಾಯಿ ಸತ್ಯವ್ವ ತೀರಿಕೊಂಡಳು. ಆಕೆಗೆ ಎಡಗಣ್ಣು ಮೆಳ್ಳ. ಹಿಂದೆ ಒಮ್ಮೆ ಮಾರ್ತಾಂಡ ತೆಗೆದ ಫೋಟೋ ಇತ್ತು. ಅದನ್ನು ದೊಡ್ಡದು ಮಾಡುವಾಗ ಕಣ್ಣು ನೆಟ್ಟಗೆ ಮಾಡಲು ಮಗ ಹೇಳಿದ. ಮಾರ್ತಾಂಡ ಹೇಳಿದಂತೆಯೇ ಮಾಡಿ ಕೊಟ್ಟ. ವರ್ಷದ ಪೂಜೆಯ ದಿನ ಆ ನೆಟ್ಟಗಣ್ಣಿನ ಹೆಂಗಸಿಗೆ ಹೂವು ಏರಿಸಲು ಹೋದ ಮಗನಿಗೆ ಕೈ ಮುಂದಾಗಲಿಲ್ಲ, ಯಾರದೋ ಮನೆಗೆ ತಪ್ಪಿ ಬಂದಂತಾಯಿತು. ಬೀದಿ ದಾಟಿ ಸ್ಟುಡಿಯೋಕ್ಕೆ ಹೋಗಿ, ಏನು ಕೇಳಬೇಕೆಂದು ತಿಳಿಯದೆ ನಿಂತ. ಮಾರ್ತಾಂಡ ಒಂದು ಮಾತೂ ಛೇಡಿಸದೆ ಬಿಸ್ಕಿಟಿನ ಡಬ್ಬಿ ಕೆಳಗಿಳಿಸಿದ.

ಇದನ್ನು ಬರೆದವನ ಮನೆಯಲ್ಲಿ ಅವನ ತಾಯಿ ಈಗಲೂ ಮೆಳ್ಳಗಣ್ಣಿನಿಂದಲೇ ನೋಡುತ್ತಾಳೆ. ಅದಕ್ಕೆ ಅವನು ಮಾರ್ತಾಂಡನಿಗೆ ಋಣಿ, ಮಾರ್ತಾಂಡನಿಗಿಂತ ಹೆಚ್ಚು ಪಾರಿಶ್ವಾಡದ ನಿಂಗವ್ವನಿಗೆ.